ಮಂಗಳೂರು ದಕ್ಕೆಯಿಂದ ಕಾರವಾರದ ತನಕ: ಬೋಟಿನ ಹುಡುಗರು ಊರಿಗೆ ಹೊರಡೋ ವಾರ

ಮೊದಲನೇ ದಿನ: ಮಂಗಳೂರು

ರಾತ್ರಿ ಬಸ್ಸು ಹತ್ತಿ ಶಿರಾಡಿ ಘಾಟಿ ಇಳಿದು ಬೆಳಗಾಗೋ ಮುಂಚೆ ಮಂಗಳೂರು ಸೇರಿದ್ವಿ, ನಾನು ಮತ್ತೆ ನನ್ನ ಗೆಳೆಯ. ಮೇ ತಿಂಗಳ ಕೊನೆ ವಾರ. ಆ ವಾರವನ್ನೇ ಆರಿಸಿಕೊಂಡಿದ್ದು ಯಾಕಂದ್ರೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಮೀನು ಹಿಡಿಯೋ ಹಾಗಿಲ್ಲ, ಹಾಗಾಗಿ ಈ ವಾರ ಬೋಟುಗಳು ಒಂದೊಂದಾಗಿ ವಾಪಸ್ ಬರ್ತವೆ, ಬಲೆ ಇಳಿಸ್ತಾರೆ, ಸೀಸನ್ನಿನ ಲೆಕ್ಕ ಮುಗಿಸ್ತಾರೆ, ಹುಡುಗರು ಊರಿಗೆ ಹೊರಡ್ತಾರೆ. ಬೇರೆ ತಿಂಗಳಲ್ಲಿ ಹೋದ್ರೆ ಬೋಟು ಕಾಣುತ್ತೆ, ಬೋಟಲ್ಲಿ ದುಡಿಯೋರು ಸಿಗಲ್ಲ. ಒಂದೋ ಕಡಲಲ್ಲಿರ್ತಾರೆ, ಇಲ್ಲಾ ದಡಕ್ಕೆ ಬಂದ ಸುಸ್ತಲ್ಲಿ ಮಲಗಿರ್ತಾರೆ. ಅವರ ಹತ್ರ ಕೂತು ಮಾತಾಡ್ಬೇಕು ಅನ್ನೋರು ಈ ಟೈಮಲ್ಲೇ ಹೋಗ್ಬೇಕು.

ದಕ್ಕೆಗೆ, ಅಂದ್ರೆ ಮೀನು ಇಳಿಸೋ ಬಂದರಿಗೆ, ಹೋದಾಗ ಇನ್ನೂ ಕತ್ತಲೆ, ಲೈಟುಗಳ ಕೆಳಗೆ ಏಲಂ ಜೋರಾಗಿ ನಡೀತಿತ್ತು. ಒಬ್ಬ ರೇಟ್ ಕೂಗ್ತಾನೆ, ಸುತ್ತ ನಿಂತವರು ಬರೀ ತಲೆ ಆಡಿಸ್ತಾರೆ, ಕಣ್ಣು ಮಿಟುಕಿಸೋದ್ರೊಳಗೆ ಬುಟ್ಟಿ ಕೈ ಬದಲಾಯ್ತು. ಬಂಗುಡೆ, ಮದ್ಮಲ್, ಬೊಂಡಾಸ್, ಒಂದು ಮೂಲೇಲಿ ದೊಡ್ಡ ಅಂಜಲ್. ನೆಲ ಪೂರ್ತಿ ಐಸ್ ನೀರು, ಮೀನಿನ ಜಿಡ್ಡು, ಶೂ ಹಾಕ್ಕೊಂಡು ಹೋಗೋರು ಅದನ್ನ ಅಲ್ಲೇ ಮರೆತುಬಿಡ್ಬೇಕಾಗುತ್ತೆ, ರಬ್ಬರ್ ಚಪ್ಪಲಿನೇ ವಾಸಿ. ಫೋಟೋ ತೆಗೆಯೋ ಮುಂಚೆ ಕೇಳಿ, ಕೇಳಿದ್ರೆ ಯಾರೂ ಬೇಡ ಅನ್ನಲ್ಲ, ಕೇಳ್ದೆ ತೆಗೆದ್ರೆ ಹೆಂಗಸರು ಸರಿಯಾಗಿ ಬೈತಾರೆ.

ನಾನು ನೋಡೋಕೆ ಹೋಗಿದ್ದು ಏಲಂ ಅಲ್ಲ. ಅದರ ಹಿಂದೆ ನೀರಿಗೆ ತಾಗಿ ಒಂದಕ್ಕೊಂದು ಕಟ್ಟಿದ ಬೋಟುಗಳ ಸಾಲಲ್ಲಿ ಒಂದು ಆಳಸಮುದ್ರದ ಟ್ರಾಲ್ ಬೋಟು ಖಾಲಿ ಆಗ್ತಿತ್ತು. ಸ್ಟೋರೇಜ್ ಒಳಗೆ ಇಬ್ಬರು ಹುಡುಗರು ಮೊಣಕಾಲ ತನಕ ಐಸಲ್ಲಿ ನಿಂತು ಮೀನು ತುಂಬಿ ಮೇಲೆ ಕೊಡ್ತಿದ್ರು, ಮೇಲಿನವನು ಎಳೆದು ದಕ್ಕೆಗೆ ಎಸೀತಿದ್ದ. ಎಷ್ಟೋ ದಿನ ಕಡಲಲ್ಲಿದ್ದು ರಾತ್ರಿಯಷ್ಟೇ ಬಂದವರು, ಬಂದ ತಕ್ಷಣ ಈ ಕೆಲಸ. ಅದು ಮುಗಿದ ಮೇಲೇನೆ ಸ್ನಾನ, ಊಟ, ನಿದ್ದೆ ಎಲ್ಲಾ.

ಮೇಲೆ ಬಂದ ಹುಡುಗನ ಜೊತೆ ಚಾ ಕುಡಿದ್ವಿ. ಜಾರ್ಖಂಡಿನ ದುಮ್ಕಾ ಕಡೆಯವನು, ಇಲ್ಲಿಗೆ ಬರೋ ತನಕ ಸಮುದ್ರ ನೋಡೇ ಇರ್ಲಿಲ್ಲವಂತೆ. ಊರಿನವನೊಬ್ಬ ಕರ್ಕೊಂಡು ಬಂದ, ಮೊದಲನೇ ಟ್ರಿಪ್ ಪೂರ್ತಿ ವಾಂತಿ, ಎರಡನೇ ಟ್ರಿಪ್ಪಿಗೆ ಅಭ್ಯಾಸ ಆಯ್ತು ಅಂದ. ಕೈ ತೋರಿಸಿದ. ಬೆರಳುಗಳ ಸಂದಿ ಎಲ್ಲಾ ಬಿಳಿಚಿಕೊಂಡು ಒಡೆದಿತ್ತು, ಹೆಬ್ಬೆರಳ ಬುಡದಲ್ಲಿ ತೊರಕೆ ಮೀನಿನ ಮುಳ್ಳು ಚುಚ್ಚಿದ ಗಾಯ ಇನ್ನೂ ನೀಲಿ. ದಡಕ್ಕೆ ಬರೋಕೆ ಇನ್ನೂ ಐದು ದಿನ ಇತ್ತು, ಬಿಸಿನೀರಲ್ಲಿ ಅದ್ದಿ ಅದ್ದಿ ಇಟ್ಕೊಂಡೆ ಅಂತ ಹೇಳ್ದ. ಬೋಟಲ್ಲಿ ಔಷಧಿ ಡಬ್ಬಿ ಇದ್ಯಾ ಅಂದ್ರೆ, ಇದೆ, ಜ್ವರದ ಮಾತ್ರೆ ಇದೆ ಅಂದ.

ಅವನನ್ನ ಅಲ್ಲಿ ಎಲ್ಲರೂ ಕೂಗ್ತಿದ್ದಿದ್ದು "ಏ ಜಾರ್ಖಂಡ್" ಅಂತ. ಅದ್ರಲ್ಲಿ ಕೆಟ್ಟ ಮನಸ್ಸೇನೂ ಇರ್ಲಿಲ್ಲ, ಪ್ರೀತಿಯಿಂದಾನೇ ಕೂಗ್ತಿದ್ರು, ಆದ್ರೂ ನನಗೆ ಅದು ತಲೇಲಿ ಉಳೀತು. ಬೋಟಿನ ನಂಬರ್ ಬೋಟಿನ ಮೈಮೇಲೆ ದೊಡ್ಡದಾಗಿ ಬರ್ದಿದೆ, ಡೀಸೆಲಿಗೆ ಪಾಸ್‌ಬುಕ್ ಇದೆ, ಐಸಿಗೆ ಬಿಲ್ ಇದೆ, ಮೀನಿಗೆ ಏಲಂ ಚೀಟಿ ಇದೆ. ಇವನ ಹೆಸರು ಎಲ್ಲಿ ಬರ್ದಿದೆ ಅಂತ ಕೇಳಿದಾಗ ಜೇಬಿನಿಂದ ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಆಧಾರ್ ಕಾರ್ಡ್ ತೆಗೆದು ತೋರಿಸಿದ. ಕೋಸ್ಟ್ ಗಾರ್ಡಿನವರು ಚೆಕ್ ಮಾಡ್ತಾರೆ, ಅದಕ್ಕೆ ಇಟ್ಕೊಂಡಿರೋದು. ಅದು ಬಿಟ್ರೆ ಬೋಟಿಗೂ ಅವನಿಗೂ ಸಂಬಂಧ ಇದೆ ಅನ್ನೋ ಒಂದು ಕಾಗದವೂ ಇಲ್ಲ.

ಅಲ್ಲೇ ಚಾ ಅಂಗಡೀಲಿ ವಯಸ್ಸಾದ ಒಬ್ಬರು ಮಾತಿಗೆ ಸಿಕ್ಕಿದ್ರು, ಮೊದಲು ಪರ್ಸಿನ್ ಬೋಟಲ್ಲಿ, ಅಂದ್ರೆ ಮೀನಿನ ಗುಂಪನ್ನ ಬಲೆಯಿಂದ ಸುತ್ತುವರಿದು ಹಿಡಿಯೋ ಬೋಟಲ್ಲಿ, ಇದ್ದೋರು. 2020ರ ನವೆಂಬರ್ ಕೊನೆಯಲ್ಲಿ ಉಳ್ಳಾಲದ ಹತ್ರ ಪರ್ಸಿನ್ ಬೋಟೊಂದು ಮಗುಚಿ ಆರು ಜನ ಸತ್ತಿದ್ದನ್ನ ನೆನಪು ಮಾಡಿದ್ರು. ಪರ್ಸಿನ್ ಬೋಟಲ್ಲಿ ಇಪ್ಪತ್ತೈದು ಮೂವತ್ತು ಜನ ಇರ್ತಾರೆ, ಮೀನು ತುಂಬಿದ ಬಲೆಯ ಭಾರ ಒಂದೇ ಕಡೆ ಬಿತ್ತು ಅಂದ್ರೆ ಬೋಟು ವಾಲುತ್ತೆ, ಒಳಗಿದ್ದೋನಿಗೆ ಹೊರಗೆ ಬರೋಕೆ ಟೈಮೇ ಇರಲ್ಲ. "ಲೈಫ್ ಜಾಕೆಟ್ ಉಂಟು ಮಾರಾಯ್ರೆ, ಇಲ್ಲ ಅಂತ ಅಲ್ಲ, ಅದನ್ನ ಹಾಕಿಕೊಂಡು ಬಲೆ ಎಳೆಯುವುದು ಹೇಗೆ ಹೇಳಿ? ಮೈ ಬೇಯ್ತದೆ, ಕೈ ಆಡುವುದಿಲ್ಲ" ಅಂದ್ರು. ಆ ಮಾತಲ್ಲಿ ನ್ಯಾಯ ಇದೆ. ಕೆಲಸ ಮಾಡ್ತಾ ಹಾಕ್ಕೊಳ್ಳೋಕೆ ಆಗೋ ಅಂಥ ಜಾಕೆಟ್ ಕೊಡ್ಬೇಕು, ತೋರಿಸೋಕೆ ಕ್ಯಾಬಿನ್ನಲ್ಲಿ ನೇತು ಹಾಕೋ ಅಂಥದ್ದಲ್ಲ.

2021ರ ಏಪ್ರಿಲ್‌ದು ಇನ್ನೊಂದು. ಕೇರಳದ ಬೇಪೂರಿನಿಂದ ಹೊರಟ ಬೋಟಿಗೆ ಮಂಗಳೂರಿನ ಆಚೆ ಆಳಸಮುದ್ರದಲ್ಲಿ ರಾತ್ರಿ ಹೊತ್ತು ಹಡಗು ಡಿಕ್ಕಿ ಹೊಡೀತು. ಬೋಟು ಕೇರಳದ್ದು, ಆಗಿದ್ದು ಕರ್ನಾಟಕದ ಕಡಲಲ್ಲಿ, ಒಳಗಿದ್ದ 14 ಜನ ತಮಿಳುನಾಡು ಮತ್ತೆ ಪೂರ್ವದ ರಾಜ್ಯಗಳವರು. ಜೀವಂತ ಸಿಕ್ಕಿದ್ದು ಇಬ್ಬರು. ಜಾರ್ಖಂಡಿನ ಆ ಹುಡುಗ ಇದನ್ನ ಸುಮ್ನೆ ಕೇಳಿಸ್ಕೊಂಡ, ಏನೂ ಹೇಳ್ಲಿಲ್ಲ, ಲೋಟ ಕೆಳಗಿಟ್ಟು ಮತ್ತೆ ಸ್ಟೋರೇಜಿಗೆ ಇಳಿದ.

ಎರಡನೇ ದಿನ: ಮಲ್ಪೆ

ಬೆಳಗ್ಗೆಯಿಂದಾನೇ ಸೆಕೆ, ಮಳೆ ಬರೋ ಹಾಗೆ ಮೋಡ ಕಟ್ಟಿ ಬರ್ದೇ ಇರೋ ಸೆಕೆ. ಮಲ್ಪೆಗೆ ಬರೋರೆಲ್ಲ ಬೀಚಿಗೆ ತಿರುಗ್ತಾರೆ, ಬಂದರಿಗೆ ಹೋಗಬೇಕಂದ್ರೆ ಐಸ್ ಪ್ಲಾಂಟುಗಳ ಸಾಲು ದಾಟಿ ಲಾರಿಗಳ ಮಧ್ಯೆ ನಡ್ಕೊಂಡು ಹೋಗ್ಬೇಕು. ರಾಜ್ಯದ ಅತಿ ದೊಡ್ಡ ಮೀನುಗಾರಿಕಾ ಬಂದರು ಇದೇ. ಆದ್ರೂ ನಿಲ್ಲಿಸೋಕೆ ಜಾಗ ಇಲ್ಲ, ದಡದಿಂದ ನೋಡಿದ್ರೆ ನೀರು ಕಾಣಲ್ಲ, ಬರೀ ಬೋಟು. ದಡದ ಬೋಟಿಂದ ಆರನೇ ಏಳನೇ ಸಾಲಿನ ಬೋಟಿಗೆ ಹೋಗೋರು ಒಂದರಿಂದ ಒಂದಕ್ಕೆ ಹಾರ್ಕೊಂಡೇ ಹೋಗ್ತಾರೆ. ರಾತ್ರಿ ಹೊತ್ತು ಹಾಗೆ ದಾಟುವಾಗ ಕಾಲು ಜಾರಿ ನೀರಿಗೆ ಬಿದ್ದು ಸಾಯೋರೂ ಇದ್ದಾರಂತೆ, ಕಡಲಲ್ಲಿ ಅಲ್ಲ, ಬಂದರೊಳಗೇ. ನನ್ನ ಗೆಳೆಯನೂ ಜಾರಿದ, ಪಕ್ಕದ ಹುಡುಗ ಕೈ ಹಿಡಿದು ಎಳೆದ, ಮೊಣಕಾಲು ತರಚಿ ಫೋನಿನ ಗ್ಲಾಸ್ ಹೋಯ್ತು.

ಅವನನ್ನ ಎಳೆದು ಕೂರಿಸಿದ ಬೋಟಲ್ಲೇ ನಮಗೆ ತಾಂಡೇಲರು ಸಿಕ್ಕಿದ್ದು. ಬೋಟು ಓಡಿಸೋರು, ಎಲ್ಲಿ ಬಲೆ ಹಾಕ್ಬೇಕು ಅಂತ ತೀರ್ಮಾನ ಮಾಡೋರು, ಟ್ರಿಪ್ಪಿನ ಲಾಭ ನಷ್ಟ ಎರಡೂ ಅವರ ತಲೆ ಮೇಲೆ. ಹೊನ್ನಾವರ ಕಡೆಯವರು, ಐವತ್ತು ದಾಟಿದೆ. ಮಲ್ಪೆ ಬೋಟುಗಳಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರು ಮೊದಲಿಂದಾನೂ ತುಂಬಾ ಜನ. ಈಗ ಅವರ ಮಕ್ಕಳು ಈ ಕೆಲಸಕ್ಕೆ ಬರ್ತಿಲ್ಲ, ಆ ಜಾಗಕ್ಕೆ ಒಡಿಶಾ, ಆಂಧ್ರ, ಜಾರ್ಖಂಡಿನ ಹುಡುಗರು ಬಂದಿದ್ದಾರೆ.

ಟ್ರಾಲ್ ಬೋಟಿನ ದಿನ ಹೇಗಿರುತ್ತೆ ಅಂತ ಅವರು ಹೇಳಿದ್ದನ್ನ ಇಲ್ಲಿ ಬರೀಲೇಬೇಕು. ಬಲೆ ಹಾಕಿ ಎರಡು ಮೂರು ಗಂಟೆ ಎಳೀತಾರೆ. ಮೇಲೆ ಎತ್ತಿ ಡೆಕ್ಕಿಗೆ ಸುರೀತಾರೆ, ಬಲೆ ಮತ್ತೆ ನೀರಿಗೆ. ಸುರಿದಿದ್ದನ್ನ ಆರಿಸಿ, ತೊಳೆದು, ಐಸ್ ಪುಡಿ ಮಾಡಿ ಸ್ಟೋರೇಜಲ್ಲಿ ಪದರ ಪದರವಾಗಿ ತುಂಬಬೇಕು. ಅದು ಮುಗಿದು ಮೈ ನೆಲಕ್ಕೆ ತಾಗಿಸೋದ್ರೊಳಗೆ ಮುಂದಿನ ಬಲೆ ಎತ್ತೋ ಟೈಮ್. ಹಗಲೂ ಇದೇ ರಾತ್ರಿಯೂ ಇದೇ, ಎಂಟು ಹತ್ತು ದಿನ. ಒಂದೂವರೆ ಗಂಟೆ, ಎರಡು ಗಂಟೆ, ಹಾಗೆ ತುಂಡು ತುಂಡು ನಿದ್ದೆ. ಬಲೆ ಎತ್ತೋ ವಿಂಚಿನ ರೋಪಿಗೆ ಬೆರಳು ಸಿಗೋದು, ಕಡಲಿಗೆ ಬೀಳೋದು ಎಲ್ಲಾ ಜಾಸ್ತಿ ಆಗೋದು ಟ್ರಿಪ್ಪಿನ ಕೊನೆಕೊನೆಗೆ, ಮೈ ಸೋತಾಗ ಅಂದ್ರು.

ನಾನು ಅವರಿಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 188ನೇ ಒಪ್ಪಂದದ ವಿಷಯ ಹೇಳಿದೆ. ಮೀನುಗಾರಿಕೆ ಕೆಲಸಗಾರರಿಗೆ ಅಂತಲೇ 2007ರಲ್ಲಿ ಮಾಡಿದ್ದು, 2017ರ ನವೆಂಬರಲ್ಲಿ ಜಾರಿಗೆ ಬಂತು. ಮೂರು ದಿನಕ್ಕಿಂತ ಹೆಚ್ಚು ಕಡಲಲ್ಲಿರೋ ಬೋಟಾದ್ರೆ 24 ಗಂಟೆಗೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡ್ಬೇಕು, ಪ್ರತಿಯೊಬ್ಬ ಕೆಲಸಗಾರನ ಜೊತೆ ಬರಹದಲ್ಲಿ ಕರಾರು ಇರ್ಬೇಕು, ಹೊರಡೋ ಮುಂಚೆ ಬೋಟಲ್ಲಿ ಯಾರ್ಯಾರಿದ್ದಾರೆ ಅನ್ನೋ ಪಟ್ಟಿ ದಡದಲ್ಲಿ ಕೊಟ್ಟಿರ್ಬೇಕು ಅನ್ನುತ್ತೆ. ಥಾಯ್ಲೆಂಡ್ 2019ರಲ್ಲಿ ಒಪ್ಕೊಂಡಿದೆ, ಭಾರತ ಒಪ್ಕೊಂಡಿಲ್ಲ. ತಾಂಡೇಲರು ಹತ್ತು ಗಂಟೆ ಅನ್ನೋ ಮಾತನ್ನ ಎರಡು ಸಲ ಕೇಳಿ ಖಾತ್ರಿ ಮಾಡ್ಕೊಂಡ್ರು. "ಹತ್ತು ಗಂಟೆ ಕೊಡ್ಬೇಕು ಅಂದ್ರೆ ಇನ್ನೂ ನಾಲ್ಕು ಜನ ಬೇಕು. ನಾಲ್ಕು ಜನ ಜಾಸ್ತಿ ಆದ್ರೆ ಎಲ್ಲರ ಪಾಲೂ ಕಡಿಮೆ. ಅದಕ್ಕೆ ಈ ಹುಡುಗ್ರೇ ಬೇಡ ಅಂತಾರೆ, ಕೇಳಿ ಬೇಕಾರೆ" ಅಂದ್ರು. ಕೇಳಿದೆ, ಹೌದು ಅಂದ್ರು.

ಪಾಲಿನ ಲೆಕ್ಕವೇ ಹಾಗಿದೆ. ಮೀನು ಮಾರಿದ ದುಡ್ಡಲ್ಲಿ ಡೀಸೆಲ್, ಐಸ್, ರೇಷನ್ನು, ಕಮಿಷನ್ನು ಎಲ್ಲಾ ಕಳೆದು ಉಳಿದಿದ್ದರಲ್ಲಿ ಬೋಟಿನ ಪಾಲು ಇಷ್ಟು, ತಾಂಡೇಲನ ಪಾಲು ಇಷ್ಟು, ಕಲಾಸಿಗಳ, ಅಂದ್ರೆ ಬೋಟಿನ ಕೆಲಸಗಾರರ, ಪಾಲು ಇಷ್ಟು. ಬೋಟಿಂದ ಬೋಟಿಗೆ, ಬಂದರಿಂದ ಬಂದರಿಗೆ ವ್ಯತ್ಯಾಸ ಇದೆ, ಹೊರಗಿನ ಹುಡುಗರಿಗೆ ಕೆಲವು ಕಡೆ ತಿಂಗಳ ಸಂಬಳ. ಪಾಲಿನವರಾದ್ರೆ ಮೀನು ಬಿದ್ದರೆ ಒಳ್ಳೇ ದುಡ್ಡು, ಬೀಳದಿದ್ರೆ ಹತ್ತು ದಿನ ದುಡಿದು ಬರಿಗೈ. ಮತ್ಸ್ಯಕ್ಷಾಮ ಅಂತ ಪೇಪರಲ್ಲಿ ಓದ್ತೀವಲ್ಲ, ಅದು ಮೊದಲು ಬಂದು ಮುಟ್ಟೋದು ಇವರ ಮನೆಗೆ.

ಬೋಟಿನ ಯಜಮಾನರೂ ಅಷ್ಟರಲ್ಲಿ ಬಂದ್ರು. ಅವರನ್ನ ಕೆಟ್ಟವರಾಗಿ ನಿಲ್ಲಿಸೋದು ಸುಲಭ, ಆದ್ರೆ ಸತ್ಯ ಅಷ್ಟು ಸಲೀಸಾಗಿಲ್ಲ. ಬ್ಯಾಂಕ್ ಸಾಲ ಇದೆ, ಬಲೆ ಹರಿದ್ರೆ ಲಕ್ಷಗಟ್ಟಲೆ, ಸೀಸನ್ ಶುರುವಿಗೆ ಹುಡುಗರಿಗೆ ಮುಂಗಡ ಕೊಟ್ಟು ಕೆಲವರು ಅರ್ಧದಲ್ಲೇ ಹೋಗಿಬಿಟ್ಟಿದ್ದಾರೆ, ಕೇಳೋಕೆ ವಿಳಾಸವೂ ಇಲ್ಲ. ಬರಹ ಇಲ್ಲದಿದ್ರೆ ಇವರಿಗೂ ನಷ್ಟವೇ ಅಂತ ಆಗ ಅನ್ನಿಸ್ತು. ರಾಜ್ಯ ಸರ್ಕಾರ ಬೋಟುಗಳಿಗೆ ಕರರಹಿತ ಡೀಸೆಲ್ ಕೊಡುತ್ತೆ, 2023ರ ಬಜೆಟ್ಟಲ್ಲಿ ಅದರ ಮಿತಿಯನ್ನ ಒಂದೂವರೆ ಲಕ್ಷ ಕಿಲೋಲೀಟರಿಂದ ಎರಡು ಲಕ್ಷಕ್ಕೆ ಏರಿಸಿದ್ರು. ಅದು ಬೇಕಾದ್ದೇ. ಆ ಡೀಸೆಲ್ ಪಡೆಯೋಕೆ ಬೋಟಿನ ಕಲಾಸಿಗಳ ಪಟ್ಟಿಯೂ ಕೊಡ್ಬೇಕು, ಅವರೆಲ್ಲರ ವಿಮೆ ಆಗಿರ್ಬೇಕು ಅಂತ ಒಂದು ಷರತ್ತು ಹಾಕಿದ್ರೆ ಒಂದೇ ಸೀಸನ್ನಲ್ಲಿ ಎಲ್ಲರ ಹೆಸರೂ ದಾಖಲೆಗೆ ಬರುತ್ತೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಯಜಮಾನರು ಅದಕ್ಕೆ ಬೇಡ ಅನ್ನಲಿಲ್ಲ, "ಒಂದೇ ಕಡೆ, ಒಂದೇ ದಿನದಲ್ಲಿ ಮಾಡಿಕೊಡ್ಲಿ, ನಾವು ಕೊಡ್ತೇವೆ" ಅಂದ್ರು.

ಹೊರಡೋ ಮುಂಚೆ ಸುವರ್ಣ ತ್ರಿಭುಜ ಅನ್ನೋ ಬೋಟಿನ ಮಾತು ಬಂತು. ಬರ್ದೇ ಇರೋಕೆ ಸಾಧ್ಯ ಇಲ್ಲ ಮಲ್ಪೇಲಿ. 2018ರ ಡಿಸೆಂಬರ್ 13ರಂದು ಇಲ್ಲಿಂದ ಹೊರಟ ಬೋಟು, 15ಕ್ಕೆ ಸಂಪರ್ಕ ಹೋಯ್ತು. ಏಳು ಜನ, ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. 2019ರ ಮೇನಲ್ಲಿ ಮಹಾರಾಷ್ಟ್ರದ ಮಾಲ್ವಣ್ ಕಡೆ ಸಮುದ್ರದ ತಳದಲ್ಲಿ ನೌಕಾಪಡೆಗೆ ಬೋಟಿನ ಅವಶೇಷ ಸಿಕ್ತು. ತಾಂಡೇಲರಿಗೆ ಅವರಲ್ಲಿ ಕೆಲವರ ಪರಿಚಯ ಇತ್ತು. ಈಗ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಉಚಿತವಾಗಿ ಹಾಕ್ತಿದ್ದಾರೆ, ಆಗಸ್ಟ್ 2024ರಲ್ಲಿ ಶುರುವಾದ ಯೋಜನೆ, ಬೋಟು ಎಲ್ಲಿದೆ ಅಂತ ದಡಕ್ಕೆ ಗೊತ್ತಾಗುತ್ತೆ, ತೊಂದರೆ ಆದ್ರೆ ಸಂದೇಶ ಕಳಿಸಬಹುದು. ಅದರ ಜೊತೆಗೆ 1554 ಅನ್ನೋ ಕೋಸ್ಟ್ ಗಾರ್ಡ್ ನಂಬರ್ ಪ್ರತಿ ಹುಡುಗನ ಫೋನಲ್ಲಿ ಇರ್ಬೇಕು. ನಾವು ಕೂತಿದ್ದ ಬೋಟಲ್ಲಿ ಇಬ್ಬರ ಫೋನಲ್ಲಿ ಮಾತ್ರ ಇತ್ತು, ಉಳಿದವರದ್ದಕ್ಕೆ ಅಲ್ಲೇ ಹಾಕಿಕೊಟ್ವಿ.

"ನಾಡಿದ್ದು ಊರಿಗೆ ಹೋಗ್ತೆ, ಮನೆಗೆ ಬನ್ನಿ" ಅಂತ ತಾಂಡೇಲರು ನಂಬರ್ ಕೊಟ್ರು.

ಮೂರನೇ ದಿನ: ಮರವಂತೆ ದಾರಿ, ಗಂಗೊಳ್ಳಿ

ಕುಂದಾಪುರ ದಾಟಿದ ಮೇಲೆ ಮಳೆ ಹಿಡೀತು. ಹೆದ್ದಾರಿ 66 ಮರವಂತೇಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ ಇಟ್ಕೊಂಡು ಹೋಗೋ ಜಾಗ ಎಲ್ಲರಿಗೂ ಗೊತ್ತು. ಆ ದಿನ ಎರಡೂ ಒಂದೇ ಬೂದು ಬಣ್ಣ. ಬಸ್ಸಿನ ಕಿಟಕಿ ಮುಚ್ಚೋಕೆ ಬರ್ತಿರ್ಲಿಲ್ಲ, ಪೂರ್ತಿ ಒದ್ದೆ ಆದ್ವಿ, ಆದ್ರೂ ಆ ಕಿಟಕಿಯಿಂದ ಕಂಡ ಕಡಲಿನ ಅಬ್ಬರ ನೋಡಿ ಈ ಅಲೆಯಲ್ಲಿ ಇನ್ನೂ ಬೋಟು ಹೊರಗಿವೆಯಲ್ಲ ಅನ್ನೋ ಯೋಚನೆ ಬಂತು. ಮರವಂತೆಯಲ್ಲೇ ಇಳಿದು ಒದ್ದೆ ಬಟ್ಟೇಲೇ ಗೋಳಿಬಜೆ ತಿಂದು ಆಟೋದಲ್ಲಿ ಹಿಂದಕ್ಕೆ ಗಂಗೊಳ್ಳಿಗೆ.

ಗಂಗೊಳ್ಳಿಯ ಕಷ್ಟ ಅಳಿವೆಯಲ್ಲಿದೆ. ನದಿಗಳು ಸೇರಿ ಕಡಲಿಗೆ ಹೋಗೋ ಬಾಯಲ್ಲಿ ಹೂಳು ತುಂಬುತ್ತೆ, ಗಾಳಿ ಎದ್ದಾಗ ಅಲೆ ಅಲ್ಲೇ ಒಡೆಯುತ್ತೆ. ದೂರದ ಕಡಲಲ್ಲಿ ಹತ್ತು ದಿನ ಉಳಿದ ಬೋಟು ಮನೆ ಬಾಗಿಲಲ್ಲಿ ಮಗುಚೋದು ಇದೇ ಕಾರಣಕ್ಕೆ. ಒಬ್ಬ ಬಲೆ ಹೆಣೆಯೋ ಅಜ್ಜ ಬೆರಳಲ್ಲಿ ತೋರಿಸಿ, "ಅಲ್ಲ್ ಕಾಣಿ, ಬೆಳ್ಳಗೆ ಆತಾ ಇತ್ತಲ್ದಾ, ಅದೇ ಜಾಗ" ಅಂದ್ರು.

ಅಲ್ಲಿ ಮೀನುಗಾರರ ಸಹಕಾರಿ ಸಂಘದಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಮಳೆ ನಿಲ್ಲೋ ತನಕ ಅವರ ಜಗಲೀಲಿ ಕೂರಿಸಿಕೊಂಡ್ರು. ವಿಮೆ ಬಗ್ಗೆ ಇಷ್ಟು ಸ್ಪಷ್ಟವಾಗಿ ಮಾತಾಡಿದವರು ಬೇರೆ ಯಾರೂ ಸಿಗಲಿಲ್ಲ. ಪ್ರಧಾನಮಂತ್ರಿ ಮತ್ಸ್ಯಸಂಪದ ಯೋಜನೆ ಅಂತ 2020ರಲ್ಲಿ ಬಂತಲ್ಲ, ಅದರಡಿ ಗುಂಪು ಅಪಘಾತ ವಿಮೆ ಇದೆ. ಸತ್ತರೆ ಅಥವಾ ಪೂರ್ತಿ ಅಂಗವೈಕಲ್ಯ ಆದ್ರೆ 5 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ ಎರಡೂವರೆ ಲಕ್ಷ, ಆಸ್ಪತ್ರೆಗೆ ಸೇರಿದ್ರೆ 25 ಸಾವಿರದ ತನಕ. ವಯಸ್ಸು 18ರಿಂದ 70. ಪ್ರೀಮಿಯಂ ಪೂರ್ತಿ ಸರ್ಕಾರದ್ದು, ಮೀನುಗಾರ ಒಂದು ರೂಪಾಯಿ ಕಟ್ಟೋದು ಬೇಡ. "ದುಡ್ಡು ಕೇಳೂದಿಲ್ಲ, ಹೆಸ್ರು ಕೇಳ್ತ್ರ್. ಆ ಹೆಸ್ರನ್ನೇ ಕೊಡೂದಿಲ್ಲ ನಮ್ಮೋರು" ಅಂತ ಬೇಜಾರು ಮಾಡ್ಕೊಂಡ್ರು. ಸ್ಥಳೀಯರದ್ದು ಹೇಗೋ ಸಂಘದ ಮೂಲಕ ಆಗುತ್ತೆ. ಹೊರ ರಾಜ್ಯದ ಹುಡುಗನ ಆಧಾರ್ ಅವನೂರಿಂದು, ಬ್ಯಾಂಕ್ ಖಾತೆ ಅವನೂರಿಂದು, ನಾಮಿನಿ ಅಲ್ಲಿರೋ ತಾಯಿ. ಅಲ್ಲಿ ಹೆಸರು ಸೇರಿಸೋಕೆ ಅವನು ಅಲ್ಲಿರಲ್ಲ, ಅದೂ ಅಲ್ದೆ ಕೆಲವರ ಊರಲ್ಲಿ ಕಡಲೇ ಇಲ್ಲ, ಅವನು ಮೀನುಗಾರ ಅಂತ ಅಲ್ಲಿ ಬರ್ಕೊಡೋದು ಯಾರು?

ಅಂಥವರಿಗೆ ಅವರು ಹೇಳಿದ ದಾರಿ ಎರಡು, ಬೇಕಾದವರು ಗುರುತು ಹಾಕ್ಕೊಳ್ಳಿ. ಒಂದು, ಇ-ಶ್ರಮ್ ಕಾರ್ಡು. 2021ರಿಂದ ಅಸಂಘಟಿತ ಕಾರ್ಮಿಕರಿಗೆ ಅಂತ ಇದೆ, ಯಾವ ಊರಲ್ಲಿ ಕೂತು ಬೇಕಾದ್ರೂ ಫೋನಲ್ಲೇ ಮಾಡಿಸ್ಬಹುದು, ಕನಿಷ್ಠ ಒಂದು ನಂಬರ್ ಸಿಗುತ್ತೆ. ಇನ್ನೊಂದು ಬ್ಯಾಂಕ್ ಖಾತೆಯಲ್ಲೇ ವರ್ಷಕ್ಕೆ 20 ರೂಪಾಯಿ ಕಟ್ ಆಗೋ ಸುರಕ್ಷಾ ಬಿಮಾ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಆದ್ರೆ ಖಾತೇಲಿ ಮೇ ಕೊನೆಗೆ ದುಡ್ಡಿರ್ಬೇಕು, ಇಲ್ಲಾಂದ್ರೆ ಕಟ್ ಆಗಲ್ಲ, ವಿಮೆ ನಿಂತು ಹೋಗುತ್ತೆ, ನಿಂತಿದ್ದು ಮನೆಯವರಿಗೆ ಗೊತ್ತಾಗೋದು ಎಲ್ಲಾ ಮುಗಿದ ಮೇಲೆ. ಈ ಮಾತು ಕೇಳಿ ನನ್ನ ಗೆಳೆಯ ಅಲ್ಲೇ ಕೂತು ಮಲ್ಪೆಯ ಆ ಹುಡುಗರ ನಂಬರಿಗೆ ಹಿಂದೀಲಿ ಮೆಸೇಜ್ ಟೈಪ್ ಮಾಡಿದ.

ಇನ್ನೊಂದು ಮಾತು ಅವರದ್ದೇ. 2023ರ ನವೆಂಬರಲ್ಲಿ ಗಂಗೊಳ್ಳಿ ಬಂದರಲ್ಲಿ ನಿಲ್ಲಿಸಿದ್ದ ಬೋಟುಗಳಿಗೆ ಬೆಂಕಿ ಬಿತ್ತು, ಪಕ್ಕದಿಂದ ಪಕ್ಕಕ್ಕೆ ಹತ್ತಿಕೊಂಡು ಸುಟ್ಟು ಹೋದವು. ಬೋಟಿನ ನಷ್ಟ ಎಷ್ಟು ಅಂತ ಬರ್ಕೊಂಡು ಹೋಗೋಕೆ ಜನ ಬರ್ತಾರೆ, ಆ ಬೋಟನ್ನ ನಂಬಿದ್ದ ಕಲಾಸಿಯ ಉಳಿದ ಸೀಸನ್ನಿನ ನಷ್ಟ ಬರೆಯೋಕೆ ಕಾಲಂ ಇಲ್ಲ ಅಂದ್ರು.

ನಾಲ್ಕನೇ ದಿನ: ಹೊನ್ನಾವರ, ಕಾಸರಕೋಡು

ಬೆಳಗ್ಗೆ ಬಿಸಿಲು ಬಂತು. ಭಟ್ಕಳ ದಾಟಿ ಕಾಸರಕೋಡಿಗೆ ಬರುವಾಗ ಟೊಂಕದ ಕಡಲತೀರದ ಉದ್ದಕ್ಕೂ ಒಣಮೀನಿನ ವಾಸನೆ, ಹಿಂದಿನ ದಿನದ ಮಳೆಗೆ ಮುಚ್ಚಿಟ್ಟಿದ್ದನ್ನ ಹೆಂಗಸರು ಗಡಿಬಿಡಿಯಲ್ಲಿ ಮತ್ತೆ ಹರಡ್ತಿದ್ರು. ತಾಂಡೇಲರ ಹೆಂಡತಿಯೂ ಅವರಲ್ಲಿ ಒಬ್ಬರು. ನಮ್ಮನ್ನ ಕೂರಿಸಿ ಕೆಂಪಕ್ಕಿ ಅನ್ನ, ಬಂಗುಡೆ ಸಾರು, ಒಣಸಿಗಡಿ ಚಟ್ನಿ ಬಡಿಸಿದ್ರು. ಸಾರಿಗೆ ಹಾಕಿದ್ದ ಜುಮ್ಮನಕಾಯಿಯ ಘಮ ಇನ್ನೂ ಮರ್ತಿಲ್ಲ.

ಊಟ ಆದ್ಮೇಲೆ ಅವರು ಒಂದು ನೋಟ್‌ಬುಕ್ ತಂದ್ರು. ಮಗಳ ಹಳೇ ಶಾಲೆ ನೋಟ್‌ಬುಕ್ಕು, ಹಿಂದಿನ ಪುಟಗಳಿಂದ ಲೆಕ್ಕ. ಆಗಸ್ಟಲ್ಲಿ ತಗೊಂಡ ಮುಂಗಡ, ಪ್ರತಿ ಟ್ರಿಪ್ಪಿಗೂ ಗಂಡ ಕಳಿಸಿದ ದುಡ್ಡು, ಮುರ್ಕೊಂಡಿದ್ದು, ಯಾವ ಟ್ರಿಪ್ಪಲ್ಲಿ ಏನೂ ಬರ್ಲಿಲ್ಲ ಅನ್ನೋದು, ಎಲ್ಲಾ ತಾರೀಖು ಹಾಕಿ ಬರ್ದಿದ್ರು. ಗಂಡ ಇಷ್ಟು ವರ್ಷ ಮಾಡಿದ ದುಡಿಮೆಗೆ ಬರಹದ ಸಾಕ್ಷಿ ಅಂತ ಏನಾದ್ರೂ ಇದ್ರೆ ಅದೊಂದೇ. "ತಮಾ, ಅವ್ರು ಬಾಯ್ಲೆಕ್ಕ ಮಾಡ್ತ್ರು, ಮರ್ತೋಗ್ತದೆ. ನಾ ಬರ್ದಿಡ್ತೆ" ಅಂದ್ರು. ಒಂದು ಸಲ ಯಜಮಾನರ ಲೆಕ್ಕಕ್ಕೂ ಇವರ ಲೆಕ್ಕಕ್ಕೂ ಹೊಂದ್ಲಿಲ್ಲ, ಈ ಪುಟ ಫೋಟೋ ಹೊಡೆದು ಕಳಿಸಿದ್ರು, ಅವರು ಸರಿ ಮಾಡಿ ಬಾಕಿ ಕೊಟ್ರಂತೆ. ಬೋಟಿಗೆ ಹೋಗೋರ ಮನೇಲಿ ಯಾರಾದ್ರೂ ಇದನ್ನ ಓದ್ತಿದ್ರೆ ಇಂಥ ಒಂದು ನೋಟ್‌ಬುಕ್ ಇವತ್ತೇ ಶುರು ಮಾಡಿ, ದಯವಿಟ್ಟು.

ಜೂನ್ ತಿಂಗಳು ಹೇಗೆ ಕಳೀತೀರಿ ಅಂತ ಕೇಳಿದ್ದಕ್ಕೆ ಅವರು ಕೂಡಲೇ ಹೇಳಿದ್ದು ಶಾಲೆ ಬಗ್ಗೆ. ದುಡಿಮೆ ನಿಲ್ಲೋ ತಿಂಗಳಲ್ಲೇ ಶಾಲೆ ಕಾಲೇಜು ಶುರುವಾಗುತ್ತೆ, ಫೀಸು, ಪುಸ್ತಕ, ಕೊಡೆ, ಜೊತೆಗೆ ಮಳೆಗಾಲಕ್ಕೆ ಮನೆ ಹೆಂಚು. ಒಣಮೀನು ಇರೋಷ್ಟು ದಿನ ಮಾರ್ತಾರೆ, ಆಮೇಲೆ ಬಂಗಾರ ಸೊಸೈಟೀಲಿ ಅಡವು, ಸೆಪ್ಟೆಂಬರ್ ಅಕ್ಟೋಬರಲ್ಲಿ ಬಿಡಿಸ್ಕೊಳ್ಳೋದು. ಸರ್ಕಾರದ ಉಳಿತಾಯ ಪರಿಹಾರ ಯೋಜನೆ ಇದೆ. ಕೇಂದ್ರದ ಯೋಜನೆಯ ಲೆಕ್ಕದಲ್ಲಿ ಮೀನುಗಾರ ಸೀಸನ್ನಲ್ಲಿ 1,500 ರೂಪಾಯಿ ಕಟ್ಟಿದ್ರೆ ಕೇಂದ್ರ ರಾಜ್ಯ ಎರಡೂ ಸೇರಿ 3,000 ಹಾಕಿ, ಒಟ್ಟು 4,500 ಆಗುತ್ತೆ, ದುಡಿಮೆ ಇಲ್ಲದ ಮೂರು ತಿಂಗಳಿಗೆ ತಿಂಗಳಿಗೆ 1,500. ತಿಂಗಳಿಗೆ 1,500 ಅಂದ್ರೆ ದಿನಕ್ಕೆ 50 ರೂಪಾಯಿ, ಅದರಲ್ಲಿ ಮೂರನೇ ಒಂದು ಭಾಗ ಅವರದ್ದೇ ದುಡ್ಡು. ಮೀನಿನ ಸಂತತಿ ಉಳಿಸೋಕೆ ನಿಷೇಧ ಬೇಕು, ಅದನ್ನ ಅಲ್ಲಿ ಯಾರೂ ಬೇಡ ಅನ್ನಲ್ಲ, ತಾಂಡೇಲರೇ ಇನ್ನೂ ಹದಿನೈದು ದಿನ ಜಾಸ್ತಿ ಮಾಡ್ಲಿ ಅಂದ್ರು. ಆದ್ರೆ ದೇಶದ ಮೀನು ಉಳಿಸೋ ಖರ್ಚನ್ನ ಈ ಮನೆಗಳ ಬಂಗಾರದ ಮೇಲೆ ಹಾಕೋದು ಸರಿ ಅಲ್ಲ, ಆ ಮೊತ್ತ ಏರಲೇಬೇಕು.

ಇಲ್ಲಿಂದ ದುಬೈ ಕಡೆ ಮೀನುಗಾರಿಕೆಗೆ ಹೋದವರೂ ತುಂಬಾ ಇದ್ದಾರೆ. 2018ರಲ್ಲಿ ಹಾಗೆ ಹೋಗಿದ್ದ ಉತ್ತರ ಕನ್ನಡದ 18 ಜನ ಸಮುದ್ರದ ಗಡಿ ದಾಟಿದ್ರು ಅಂತ ಇರಾನಲ್ಲಿ ಸಿಕ್ಕಿಬಿದ್ದು ತಿಂಗಳುಗಟ್ಟಲೆ ಬೋಟಲ್ಲೇ ಬಂಧನದಲ್ಲಿದ್ರು. ಗಡಿ ನೋಡೋದು, ದಾಟೋದು ಕಲಾಸಿಯ ಕೈಲಿಲ್ಲ, ಹಿಡಿದಾಗ ಮಾತ್ರ ಅವನೂ ಸಮನಾಗಿ ಒಳಗೆ. ಪಕ್ಕದ ಮನೆಯ ಅಕ್ಕ ಆ ದಿನಗಳನ್ನ ನೆನೆಸ್ಕೊಂಡು, ಈಗಲೂ ಯಾರಾದ್ರೂ ಗಲ್ಫ್ ಬೋಟಿಗೆ ಹೋಗ್ತೀನಿ ಅಂದ್ರೆ ಊರ ಹೆಂಗಸರು ಪಾಸ್‌ಪೋರ್ಟ್ ಯಾರ ಕೈಲಿರುತ್ತೆ ಅಂತ ಮೊದಲು ಕೇಳ್ತಾರೆ ಅಂದ್ರು.

ಸಂಜೆ ಹೊರಡುವಾಗ ಒಂದು ಪೊಟ್ಟಣ ಒಣಸಿಗಡಿ ಕೊಟ್ರು, ದುಡ್ಡು ಮುಟ್ಟಲಿಲ್ಲ. ಶರಾವತಿ ಸೇತುವೆ ಮೇಲೆ ಬಸ್ಸು ಟ್ರಾಫಿಕ್ಕಲ್ಲಿ ನಿಂತಾಗ ಕೆಳಗೆ ನಾಡದೋಣಿಯವರು ಬಲೆ ಹಾಕ್ತಿದ್ರು, ಅವರಿಗೆ ಈ ನಿಷೇಧ ಇಲ್ಲ.

ಐದನೇ ದಿನ: ಕಾರವಾರ

ಬೈತಖೋಲ್ ಬಂದರಿಗೆ ಹೋಗೋಕೆ ನಸುಕಲ್ಲೇ ಎದ್ವಿ, ಮಳೆ ಮತ್ತೆ ಶುರು. ಗುಡ್ಡದ ಬುಡದಲ್ಲಿ ಚಿಕ್ಕ ಬಂದರು, ಚೆಂದದ ಜಾಗ. ಇದರ ಆಚೆ ಅರ್ಗಾದಿಂದ ಮುಂದಿನ ಕಡಲತೀರ ಸೀಬರ್ಡ್ ನೌಕಾನೆಲೆಗೆ ಹೋದ ಮೇಲೆ ಅಲ್ಲಿನ ಮೀನುಗಾರ ಕುಟುಂಬಗಳು ಊರು ಬಿಟ್ಟು ಬಂದ್ವು, ಆ ಮನೆಗಳ ಎಷ್ಟೋ ಗಂಡಸರು ಸ್ವಂತ ದೋಣಿ ಬಿಟ್ಟು ಬೇರೆಯವರ ಬೋಟಿನ ಕಲಾಸಿಗಳಾದ್ರು ಅಂತ ಚಾ ಅಂಗಡಿಯವರು ಹೇಳಿದ್ರು.

ಬೋಟುಗಳಿಗೆಲ್ಲ ಟಾರ್ಪಾಲು ಹಾಕಿ ಆಗಿತ್ತು. ಒಂದರಲ್ಲಿ ಒಡಿಶಾದ ಕೇಂದ್ರಾಪಾಡದ ಐದು ಹುಡುಗರು ಬ್ಯಾಗು ಕಟ್ಕೊಂಡು ಕೂತಿದ್ರು, ಮಡಗಾಂವಿಗೆ ಹೋಗಿ ಅಲ್ಲಿಂದ ರೈಲಂತೆ, ರಿಸರ್ವೇಷನ್ ಇಲ್ಲ, ಜನರಲ್ ಬೋಗಿ. ಸೀಸನ್ನಿನ ಬಾಕಿ ಸಿಕ್ತಾ ಅಂದೆ. ಮೂವರಿಗೆ ಪೂರ್ತಿ ಸಿಕ್ಕಿತ್ತು, ಇಬ್ಬರಿಗೆ ಅರ್ಧ, ಉಳಿದಿದ್ದು ಆಗಸ್ಟಲ್ಲಿ ವಾಪಸ್ ಬಂದ ಮೇಲೆ. ಆ ಅರ್ಧಕ್ಕಾಗಿ ಅವರು ಇದೇ ಬೋಟಿಗೆ ವಾಪಸ್ ಬರಲೇಬೇಕು, ಅದೂ ಒಂದು ಲೆಕ್ಕ.

ಎರಡು ತಿಂಗಳು ಊರಲ್ಲಿ ಆರಾಮಾಗಿರ್ತೀರಲ್ಲ ಅಂತ ನನ್ನ ಗೆಳೆಯ ಕೇಳಿದ. ಹುಡುಗರು ಮುಖ ಮುಖ ನೋಡ್ಕೊಂಡ್ರು. ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರ ತನಕ. ಅಂದ್ರೆ ಇಲ್ಲಿ ಬಾಗಿಲು ಹಾಕಿದ ಎರಡು ವಾರಕ್ಕೆ ಅಲ್ಲಿ ತೆರೆಯುತ್ತೆ. ಇವರು ಮನೆಗೆ ಹೋಗಿ, ಗದ್ದೆ ಕೆಲಸ ಸ್ವಲ್ಪ ನೋಡಿ, ಜೂನ್ 15ಕ್ಕೆ ಪಾರಾದೀಪಲ್ಲಿ ಬೋಟು ಹತ್ತುತ್ತಾರೆ. ಜುಲೈ ಕೊನೆಗೆ ಅಲ್ಲಿ ಇಳಿದು ಮತ್ತೆ ಇಲ್ಲಿಗೆ. ನಿಷೇಧದ ಪರಿಹಾರ ಅಂತ ಅಲ್ಲಿ ಸಿಗುತ್ತಾ ಅಂದ್ರೆ, ಪಟ್ಟಿ ಮಾಡೋ ಟೈಮಲ್ಲಿ ನಾವು ಇಲ್ಲಿರ್ತೀವಿ ಅಂದ್ರು. ಇಲ್ಲಿ ಸಿಗುತ್ತಾ ಅಂದ್ರೆ, ನಾವು ಇಲ್ಲಿಯವರಲ್ಲವಲ್ಲ ಅಂದ್ರು.

ಗಂಗೊಳ್ಳಿಯಲ್ಲಿ ಕೇಳಿಸ್ಕೊಂಡಿದ್ದನ್ನ ಅವರಿಗೆ ಹೇಳಿದ್ವಿ. ಒಬ್ಬನ ಹತ್ರ ಇ-ಶ್ರಮ್ ಕಾರ್ಡು ಆಗ್ಲೇ ಇತ್ತು, ಅದರಲ್ಲಿ ಕೆಲಸ ಕೃಷಿ ಕೂಲಿ ಅಂತ ಬರ್ದಿತ್ತು. ಮೀನುಗಾರಿಕೆ ಅಂತ ಬದಲಾಯಿಸ್ಬೇಕು ಅಂತ ಫೋನ್ ತೆಗೆದ್ವಿ, ಮಳೆಗೆ ನೆಟ್‌ವರ್ಕ್ ಬಂದು ಹೋಗಿ ಮಾಡ್ತಿತ್ತು, ಆಧಾರಿಗೆ ಜೋಡಿಸಿದ ನಂಬರ್ ಅವನ ಅಪ್ಪನದ್ದು, ಒಟಿಪಿ ಕೇಂದ್ರಾಪಾಡಕ್ಕೆ ಹೋಯ್ತು. ಅವನು ಅಪ್ಪನಿಗೆ ಫೋನ್ ಮಾಡಿದ, ಅವರು ಗದ್ದೇಲಿದ್ರು, ಮನೆಗೆ ಹೋಗಿ ನೋಡಿ ಹೇಳೋದ್ರೊಳಗೆ ಟೈಮ್ ಮುಗಿದಿತ್ತು. ಇನ್ನೊಂದು ಸಲ ಕಳಿಸಿದ್ವಿ. ಈ ಸಲ ಅಪ್ಪ ಫೋನ್ ಕೈಲಿ ಹಿಡ್ಕೊಂಡೇ ನಿಂತಿದ್ರು, ಒಂದೊಂದೇ ಅಂಕಿ ಒಡಿಯಾದಲ್ಲಿ ಜೋರಾಗಿ ಓದಿದ್ರು, ಹುಡುಗ ಒತ್ತಿದ, ಆಯ್ತು. ಉಳಿದ ನಾಲ್ವರು ನಮ್ಮದೂ ಮಾಡಿ ಅಂತ ಆಧಾರ್ ಹೊರಗೆ ತೆಗೆದ್ರು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು, ಮೂವರದ್ದು ಮುಗೀತು, ಐದನೆಯವನು ರೈಲಲ್ಲಿ ಮಾಡ್ಕೊತೀನಿ ಅಂತ ನನ್ನ ನಂಬರ್ ತಗೊಂಡ.